ಕಣ್ಣಿಗೆ ಲ್ಯೂಟೀನ್ ಮಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯೂಟೀನ್ ಮಾತ್ರೆಯ ಬಗ್ಗೆ ವಿಚಾರಿಸುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ದಿನಕ್ಕೆ ಎಷ್ಟು ಮಿಲಿಗ್ರಾಂ?" ಎಂಬುದು. ಅದಕ್ಕೂ ಮುಂಚೆ ತಿಳಿಯಬೇಕಾದದ್ದು ನಿಮ್ಮ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಈಗ ಯಾವ ಸ್ಥಿತಿಯಲ್ಲಿದೆ ಎಂಬುದು. ಒಂದು ಕಾಯಿಲೆಯ ಒಂದು ಹಂತದಲ್ಲಿ ಈ ಮಾತ್ರೆಗೆ ಗಟ್ಟಿ ಪುರಾವೆ ಇದೆ. ಉಳಿದ ಕಡೆ ಪುರಾವೆ ತೆಳು, ಕೆಲವು ಕಡೆ ಇಲ್ಲವೇ ಇಲ್ಲ. ಹಾಗಾಗಿ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ರೆಟಿನಾ ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ.

ಕ್ಯಾರೊಟಿನಾಯ್ಡ್ ಅಂದರೆ ಏನು? ಕಣ್ಣಿನಲ್ಲಿ ಅದಕ್ಕೇನು ಕೆಲಸ?

ಲ್ಯೂಟೀನ್ ಸೇರಿರುವ ಗುಂಪಿನ ಹೆಸರು ಇದು: ಗಿಡಗಳು, ಪಾಚಿ ಮತ್ತು ಕೆಲವು ಸೂಕ್ಷ್ಮಜೀವಿಗಳು ತಯಾರಿಸುವ ಹಳದಿ, ಕಿತ್ತಳೆ, ಕೆಂಪು ಬಣ್ಣದ ವಸ್ತುಗಳು. ಪ್ರಕೃತಿಯಲ್ಲಿ ಇಂಥವು ನೂರಾರಿವೆ. ನಮ್ಮ ದೇಹ ಇವನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ರಕ್ತದಲ್ಲಿ ಹತ್ತಾರು ಬಗೆ ಕಂಡುಬಂದರೂ ಮ್ಯಾಕ್ಯುಲಾದಲ್ಲಿ, ಅಂದರೆ ಓದಲು, ಮುಖ ಗುರುತಿಸಲು ಬಳಸುವ ರೆಟಿನಾದ ನಡುಭಾಗದಲ್ಲಿ, ಜಮೆಯಾಗುವುದು ಮೂರೇ: ಲ್ಯೂಟೀನ್, ಜಿಯಾಕ್ಸಾಂಥಿನ್ ಮತ್ತು ಮೀಸೊ-ಜಿಯಾಕ್ಸಾಂಥಿನ್. ನಟ್ಟನಡುವೆ ಜಿಯಾಕ್ಸಾಂಥಿನ್ ಹೆಚ್ಚು, ಅಂಚಿಗೆ ಸರಿದಂತೆ ಲ್ಯೂಟೀನ್ ಹೆಚ್ಚು. ಮೂರನೆಯದನ್ನು ಕಣ್ಣು ಲ್ಯೂಟೀನಿನಿಂದಲೇ ಬಹುಪಾಲು ಮಾಡಿಕೊಳ್ಳುತ್ತದೆ.

ಇವುಗಳ ಕೆಲಸ ಎರಡು ಬಗೆಯದು. ಬೆಳಕು ಹಿಡಿಯುವ ಕೋಶಗಳ ಮುಂದೆ ಹಳದಿ ಪದರವಾಗಿ ನಿಂತು ಸುಮಾರು 460 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಹೀರಿಕೊಳ್ಳುವುದು ಒಂದು. ಆ ಕೋಶಗಳಲ್ಲಿ ಆಮ್ಲಜನಕದ ಬಳಕೆ ಬಹಳ, ಬೇಗ ಕೆಡುವಂಥ ಕೊಬ್ಬೂ ಬಹಳ. ಹಾಗಾಗಿ ಹುಟ್ಟುವ ಹಾನಿಕಾರಕ ಆಮ್ಲಜನಕದ ರೂಪಗಳನ್ನು ತಟಸ್ಥಗೊಳಿಸುವುದು ಇನ್ನೊಂದು. ಇಷ್ಟೆಲ್ಲ ಕೇಳಿದರೆ ಮಾತ್ರೆ ಎಲ್ಲರಿಗೂ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಒಂದು ವಸ್ತು ಕಣ್ಣಿನಲ್ಲಿ ಇದೆ, ಕೆಲಸ ಮಾಡುತ್ತದೆ ಎಂಬುದು ಬೇರೆ. ಅದನ್ನು ಹೆಚ್ಚುವರಿಯಾಗಿ ನುಂಗಿದರೆ ಕಾಯಿಲೆ ತಡೆಯುತ್ತದೆ ಎಂಬುದು ಬೇರೆ.

ಹಾಗಾದರೆ ಇದರಿಂದ ನಿಜವಾದ ಪ್ರಯೋಜನ ಯಾರಿಗೆ?

ವಯಸ್ಸಾದಂತೆ ಬರುವ ಮ್ಯಾಕ್ಯುಲಾ ಸವೆತ, ಅಂದರೆ ಎಎಂಡಿ, ಮಧ್ಯಮ ಹಂತದಲ್ಲಿ ಇರುವವರಿಗೆ. ಅಥವಾ ಒಂದು ಕಣ್ಣಿನಲ್ಲಿ ಅದು ಕೊನೆಯ ಹಂತಕ್ಕೆ ಹೋಗಿದ್ದು, ಇನ್ನೊಂದು ಕಣ್ಣನ್ನು ಉಳಿಸಿಕೊಳ್ಳಬೇಕಾದವರಿಗೆ.

ಮಧ್ಯಮ ಹಂತವನ್ನು ವೈದ್ಯರು ಡ್ರೂಸನ್ ನೋಡಿ ಹೇಳುತ್ತಾರೆ. ರೆಟಿನಾದ ಅಡಿಯಲ್ಲಿ ಶೇಖರವಾಗುವ ಹಳದಿ ಚುಕ್ಕೆಗಳಿವು. 63ರಿಂದ 125 ಮೈಕ್ರಾನ್ ಒಳಗಿನವು ಮಧ್ಯಮ ಗಾತ್ರದವು. ಅವಷ್ಟೇ ಇದ್ದರೆ ಆರಂಭಿಕ ಹಂತ. 125 ಮೈಕ್ರಾನ್ ದಾಟಿದ ದೊಡ್ಡ ಡ್ರೂಸನ್ ಅಥವಾ ಬಣ್ಣದ ಪದರದಲ್ಲಿ ಏರುಪೇರು ಕಂಡರೆ ಮಧ್ಯಮ ಹಂತ. ಈ ಹಂತದಲ್ಲಿ ದೃಷ್ಟಿ ಬಹುತೇಕ ಸರಿಯಾಗಿಯೇ ಇರುತ್ತದೆ, ಕಣ್ಣು ಪರೀಕ್ಷೆಯ ಅಕ್ಷರ ಫಲಕದ ಕೊನೆಯ ಸಾಲನ್ನೂ ಓದಬಲ್ಲಿರಿ. ಆದ್ದರಿಂದಲೇ ಪರೀಕ್ಷೆ ಇಲ್ಲದೆ ಇದು ಗೊತ್ತಾಗುವುದಿಲ್ಲ. ಪರೀಕ್ಷೆಗೆ ಹೋದಾಗ "ಎಎಂಡಿ ಇದೆಯೇ?" ಎಂದಷ್ಟೇ ಕೇಳಿ ಬರಬೇಡಿ. "ಯಾವ ಹಂತ, ಎರಡೂ ಕಣ್ಣಿನಲ್ಲಿಯೇ?" ಎಂದು ಕೇಳಿ ಬರೆಸಿಕೊಳ್ಳಿ.

ಪುರಾವೆ ಎಲ್ಲಿಂದ ಬಂತು?

ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ನಡೆಸಿದ ಎರಡು ದೊಡ್ಡ ಪ್ರಯೋಗಗಳಿಂದ. ಮೊದಲನೆಯದು ಏರೆಡ್ಸ್, ಫಲಿತಾಂಶ ಬಂದದ್ದು 2001ರಲ್ಲಿ. ಅದರಲ್ಲಿ ಲ್ಯೂಟೀನ್ ಇರಲಿಲ್ಲ. ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೊಟೀನ್ (ಇನ್ನೊಂದು ಕ್ಯಾರೊಟಿನಾಯ್ಡ್), ಜಿಂಕ್, ತಾಮ್ರ ಇದ್ದವು. ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಖಾಲಿ ಮಾತ್ರೆ ತೆಗೆದುಕೊಂಡ ಪ್ರತಿ 100 ಮಂದಿಯಲ್ಲಿ 28 ಮಂದಿಗೆ 5 ವರ್ಷದೊಳಗೆ ಕಾಯಿಲೆ ಕೊನೆಯ ಹಂತ ಮುಟ್ಟಿತು. ಪೂರ್ತಿ ಮಿಶ್ರಣ ತೆಗೆದುಕೊಂಡವರಲ್ಲಿ ಆ ಸಂಖ್ಯೆ 20. "ಶೇ. 25ರಷ್ಟು ಅಪಾಯ ಕಡಿಮೆ" ಎಂದು ಎಲ್ಲೆಡೆ ಓದುವ ಮಾತು ಬಂದದ್ದು ಇದೇ ಪ್ರಯೋಗದಿಂದ. ನೂರರಲ್ಲಿ ಎಂಟು ಜನರಿಗೆ ಉಪಯೋಗವಾಯಿತು. ಇಪ್ಪತ್ತು ಜನರಿಗೆ ಮಾತ್ರೆ ನುಂಗಿಯೂ ಕಾಯಿಲೆ ಮುಂದುವರಿಯಿತು. ಎರಡನ್ನೂ ತಿಳಿದುಕೊಂಡೇ ಶುರು ಮಾಡಬೇಕು.

ಎರಡನೆಯದು ಏರೆಡ್ಸ್-2. ಇದರಲ್ಲಿ 50ರಿಂದ 85 ವರ್ಷದ 4,203 ಮಂದಿ ಇದ್ದರು, ಫಲಿತಾಂಶ 2013ರಲ್ಲಿ ಬಂತು. ಮೊದಲಿನ ಮಿಶ್ರಣಕ್ಕೆ ಲ್ಯೂಟೀನ್ 10 ಮಿ.ಗ್ರಾಂ ಮತ್ತು ಜಿಯಾಕ್ಸಾಂಥಿನ್ 2 ಮಿ.ಗ್ರಾಂ ಸೇರಿಸಿದರೆ ಲಾಭ ಇನ್ನೂ ಹೆಚ್ಚುತ್ತದೆಯೇ ಎಂದು ನೋಡಿದರು. ಮುಖ್ಯ ಲೆಕ್ಕದಲ್ಲಿ ಹೆಚ್ಚಲಿಲ್ಲ. ಮಾರಾಟದ ಜಾಹೀರಾತುಗಳು ಈ ವಾಕ್ಯವನ್ನು ಜಾಣತನದಿಂದ ಬಿಟ್ಟುಬಿಡುತ್ತವೆ. ಆದರೆ ಊಟದಲ್ಲಿ ಈ ಎರಡು ಅಂಶ ಅತಿ ಕಡಿಮೆ ಇದ್ದವರಿಗೆ ಉಪಯೋಗ ಕಂಡಿತು. ಜೊತೆಗೆ ಬೀಟಾ ಕ್ಯಾರೊಟೀನ್ ತೆಗೆದು ಆ ಜಾಗಕ್ಕೆ ಇವೆರಡನ್ನು ಹಾಕಿದರೆ ಫಲ ಕೆಡುವುದಿಲ್ಲ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ತಗ್ಗುತ್ತದೆ ಎಂಬುದೂ ತಿಳಿಯಿತು. ಅದೇ ಜನರನ್ನು 10 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ವರದಿ ಇದನ್ನೇ ಇನ್ನಷ್ಟು ಗಟ್ಟಿ ಮಾಡಿತು: ಬೀಟಾ ಕ್ಯಾರೊಟೀನ್ ಪಡೆದವರಿಗಿಂತ ಲ್ಯೂಟೀನ್, ಜಿಯಾಕ್ಸಾಂಥಿನ್ ಪಡೆದವರಲ್ಲಿ ಕಾಯಿಲೆ ಕೊನೆಯ ಹಂತಕ್ಕೆ ಹೋದದ್ದು ಕಡಿಮೆ.

ಏರೆಡ್ಸ್-2 ಮಿಶ್ರಣದ ಸರಿಯಾದ ಪ್ರಮಾಣ ಏನು?

ಇಡೀ ದಿನದ ಲೆಕ್ಕ ಇದು. ಒಂದು ಮಾತ್ರೆಯ ಲೆಕ್ಕವಲ್ಲ.

ವಿಟಮಿನ್ ಸಿ: 500 ಮಿ.ಗ್ರಾಂ
ವಿಟಮಿನ್ ಇ: 400 ಐಯು, ಅಂದರೆ ಅಂತರರಾಷ್ಟ್ರೀಯ ಏಕಮಾನ (ಕೃತಕ ರೂಪವಾದರೆ ಹೊಸ ಲೇಬಲ್‌ಗಳಲ್ಲಿ 180 ಮಿ.ಗ್ರಾಂ ಎಂದಿರುತ್ತದೆ, ಎರಡೂ ಒಂದೇ)
ಲ್ಯೂಟೀನ್: 10 ಮಿ.ಗ್ರಾಂ
ಜಿಯಾಕ್ಸಾಂಥಿನ್: 2 ಮಿ.ಗ್ರಾಂ
ಜಿಂಕ್: 80 ಮಿ.ಗ್ರಾಂ
ತಾಮ್ರ: 2 ಮಿ.ಗ್ರಾಂ

ಜಿಂಕ್ ಜಾಸ್ತಿ ಹೋದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದು ಕಡಿಮೆಯಾಗಿ ರಕ್ತಹೀನತೆ ಬರಬಹುದು. ತಾಮ್ರ ಇರುವುದು ಅದನ್ನು ತಡೆಯಲು ಮಾತ್ರ, ಕಣ್ಣಿಗೆಂದು ಅಲ್ಲ. ಜಿಂಕ್ 25 ಮಿ.ಗ್ರಾಂ ಇರುವ ರೂಪವನ್ನೂ ಏರೆಡ್ಸ್-2ರಲ್ಲಿ ಹೋಲಿಸಿ ನೋಡಿದ್ದರು. 80ಕ್ಕೂ 25ಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೊಟ್ಟೆಗೆ 80 ಒಗ್ಗದವರು ವೈದ್ಯರನ್ನು ಕೇಳಿ 25ರದ್ದಕ್ಕೆ ಬದಲಾಯಿಸಿಕೊಳ್ಳಬಹುದು.

ಮೀನೆಣ್ಣೆಯ ಒಮೆಗಾ-3 ಕೂಡ ಅದೇ ಪ್ರಯೋಗದಲ್ಲಿತ್ತು, 350 ಮಿ.ಗ್ರಾಂ ಡಿಎಚ್‌ಎ, 650 ಮಿ.ಗ್ರಾಂ ಇಪಿಎ. ಎಎಂಡಿಗೆ ಅದರಿಂದ ಲಾಭವಾಗಲಿಲ್ಲ. ಇದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಬೀಟಾ ಕ್ಯಾರೊಟೀನ್ ಇರುವ ಹಳೆಯ ಮಾತ್ರೆ ಮನೆಯಲ್ಲಿದೆ. ಮುಗಿಸಿಬಿಡಲೇ?

ನೀವು ಬೀಡಿ, ಸಿಗರೇಟ್ ಸೇದುವವರಾದರೆ ಅಥವಾ ಹಿಂದೆ ಎಂದಾದರೂ ಸೇದುತ್ತಿದ್ದವರಾದರೆ ಬೇಡ, ಎಸೆಯಿರಿ.

ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೊಟೀನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತು ಎಂದು 1994ರಲ್ಲಿ ವರದಿಯಾಯಿತು. ಕ್ಯಾನ್ಸರ್ ತಡೆಯಬಹುದು ಎಂಬ ಆಸೆಯಿಂದ ಶುರುವಾದ ಪ್ರಯೋಗ ಅದು. ಅಮೆರಿಕದ "ಕ್ಯಾರೆಟ್" ಎಂಬ ಹೆಸರಿನ ಪ್ರಯೋಗದಲ್ಲೂ ಇದೇ ಆಯಿತು, ಶೇ. 28ರಷ್ಟು ಏರಿಕೆ ಕಂಡು 1996ರಲ್ಲಿ ಅದನ್ನು ಅವಧಿಗೆ ಮುಂಚೆ ನಿಲ್ಲಿಸಿದರು. ಏರೆಡ್ಸ್-2ರಲ್ಲಿ ಸದ್ಯ ಸೇದುವವರಿಗೆ ಬೀಟಾ ಕ್ಯಾರೊಟೀನ್ ಕೊಟ್ಟಿರಲೇ ಇಲ್ಲ. ಆದರೂ ಅದನ್ನು ಪಡೆದ ಗುಂಪಿನಲ್ಲಿ ಶೇ. 2 ಮಂದಿಗೆ, ಪಡೆಯದ ಗುಂಪಿನಲ್ಲಿ ಶೇ. 0.9 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಿಂದೆ ಸೇದಿ ಬಿಟ್ಟವರು. "ನಾನು ಬಿಟ್ಟು ಎಷ್ಟೋ ವರ್ಷವಾಯಿತು" ಎಂಬ ಸಮಾಧಾನ ಇಲ್ಲಿ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಂದೂ ಸೇದದವರಿಗೂ ಬೀಟಾ ಕ್ಯಾರೊಟೀನ್ ಇರುವುದನ್ನೇ ಆರಿಸಲು ಕಾರಣವಿಲ್ಲ. ತರಕಾರಿ, ಹಣ್ಣಿನ ಮೂಲಕ ಬರುವ ಬೀಟಾ ಕ್ಯಾರೊಟೀನಿಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ನನಗೆ ಆರಂಭಿಕ ಹಂತ ಎಂದಿದ್ದಾರೆ. ಈಗಲೇ ಶುರು ಮಾಡಿದರೆ ಇನ್ನೂ ಒಳ್ಳೆಯದಲ್ಲವೇ?

ಹಾಗೆಂದು ತೋರಿಸಿದ ಪುರಾವೆ ಇಲ್ಲ. ಏರೆಡ್ಸ್‌ನಲ್ಲಿ ಆರಂಭಿಕ ಹಂತದವರಲ್ಲಿ 5 ವರ್ಷದಲ್ಲಿ ಕೊನೆಯ ಹಂತ ಮುಟ್ಟಿದವರು ಶೇ. 1.3 ಮಾತ್ರ. ಇಷ್ಟು ಸಣ್ಣ ಅಪಾಯ ತಗ್ಗಿಸಲು ವರ್ಷಗಟ್ಟಲೆ ದಿನಕ್ಕೆ 80 ಮಿ.ಗ್ರಾಂ ಜಿಂಕ್ ನುಂಗುವುದು ಲೆಕ್ಕಕ್ಕೆ ಕೂರುವುದಿಲ್ಲ. ಧೂಮಪಾನ ಬಿಡುವುದು, ರಕ್ತದೊತ್ತಡ ಹತೋಟಿಯಲ್ಲಿ ಇಡುವುದು, ಸೊಪ್ಪು ತಿನ್ನುವುದು, ವೈದ್ಯರು ಹೇಳಿದ ದಿನಕ್ಕೆ ಮತ್ತೆ ತೋರಿಸುವುದು ಈ ಹಂತದಲ್ಲಿ ಮಾಡಬೇಕಾದ ಕೆಲಸ.

ಅಪ್ಪನಿಗೆ ಎಎಂಡಿ ಇತ್ತು, ನನ್ನ ಕಣ್ಣು ಸರಿಯಿದೆ. ಮುನ್ನೆಚ್ಚರಿಕೆಗೆ ತೆಗೆದುಕೊಳ್ಳಬಹುದೇ?

ಆರೋಗ್ಯವಂತ ಕಣ್ಣಿಗೆ ಎಎಂಡಿ ಬರದಂತೆ ಈ ಮಾತ್ರೆಗಳು ತಡೆಯುತ್ತವೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. ಮನೆತನದಲ್ಲಿ ಇದ್ದರೆ ನಿಮ್ಮ ಅಪಾಯ ಹೆಚ್ಚು ಎಂಬುದು ನಿಜ. ಅದಕ್ಕೆ ನಿಯಮಿತ ರೆಟಿನಾ ಪರೀಕ್ಷೆಯೇ ದಾರಿ.

ಲ್ಯೂಟೀನ್ ಮಾತ್ರ ಇರುವ ಕ್ಯಾಪ್ಸೂಲ್ ಸಾಲದೇ?

ಮಧ್ಯಮ ಹಂತದವರಿಗೆ ಸಾಲದು. ಫಲ ತೋರಿಸಿದ್ದು ಪೂರ್ತಿ ಮಿಶ್ರಣ. ಅದರಲ್ಲೂ ಜಿಂಕ್ ಪಾಲು ಸಣ್ಣದಲ್ಲ. ಕಣ್ಣಿನ ವೈದ್ಯರು ಏರೆಡ್ಸ್-2 ಬರೆದುಕೊಟ್ಟಿದ್ದರೆ ಅಂಗಡಿಯವರು ಅದರ ಬದಲಿಗೆ ಕೊಡುವ ಬರೀ ಲ್ಯೂಟೀನ್ ಡಬ್ಬಿ ಅದಕ್ಕೆ ಸಮನಲ್ಲ. ಜಿಂಕ್ ಆಗದವರು, ಬೇರೆ ಕಾಯಿಲೆಯಿಂದ ವಿಟಮಿನ್ ಇ ಬೇಡ ಎನಿಸಿಕೊಂಡವರು ಲ್ಯೂಟೀನ್ ಮತ್ತು ಜಿಯಾಕ್ಸಾಂಥಿನ್ ಮಾತ್ರ ತೆಗೆದುಕೊಳ್ಳಬಹುದು. ಅದು ಅರ್ಧ ದಾರಿ ಎಂಬ ಅರಿವಿರಲಿ.

ಲೇಬಲ್ ಓದುವುದು ಹೇಗೆ? ಡಬ್ಬಿಯ ಮುಂದೆ ದೊಡ್ಡದಾಗಿ 50 ಮಿ.ಗ್ರಾಂ ಎಂದಿದೆಯಲ್ಲ?

ಹೆಚ್ಚಿನವರು ತಪ್ಪುವುದು ಇಲ್ಲೇ. ಡಬ್ಬಿಯ ಮುಂಭಾಗ ಬಿಟ್ಟು ಹಿಂದಿನ ಪಟ್ಟಿಗೆ ಬನ್ನಿ. ಅಲ್ಲಿ ಐದು ಸಂಗತಿ ನೋಡಿ.

ಒಂದು, ಸಾರವೋ ಅಸಲು ವಸ್ತುವೋ. ಮಾರುಕಟ್ಟೆಯ ಲ್ಯೂಟೀನ್ ಬಹುಪಾಲು ಚೆಂಡು ಹೂವಿನ ಎಸಳಿನಿಂದ ತೆಗೆದದ್ದು. "ಚೆಂಡು ಹೂವಿನ ಸಾರ 50 ಮಿ.ಗ್ರಾಂ, ಶೇ. 20 ಲ್ಯೂಟೀನ್" ಎಂದಿದ್ದರೆ ಸಿಗುವ ಲ್ಯೂಟೀನ್ 10 ಮಿ.ಗ್ರಾಂ. "ಶೇ. 5 ಪುಡಿ, 40 ಮಿ.ಗ್ರಾಂ" ಎಂದಿದ್ದರೆ ಸಿಗುವುದು 2 ಮಿ.ಗ್ರಾಂ. ಶೇಕಡಾವಾರು ಬರೆಯದೆ ಸಾರದ ತೂಕ ಮಾತ್ರ ಕೊಟ್ಟಿದ್ದರೆ ಆ ಡಬ್ಬಿ ಕೆಳಗಿಡಿ.

ಎರಡು, ಎಸ್ಟರ್ ರೂಪವೋ ಮುಕ್ತ ರೂಪವೋ. ಎಸ್ಟರ್ ಎಂದರೆ ಲ್ಯೂಟೀನಿಗೆ ಕೊಬ್ಬಿನಾಮ್ಲ ಅಂಟಿಕೊಂಡಿರುವ ರೂಪ, ಅದರ ತೂಕವೂ ಲೆಕ್ಕದಲ್ಲಿ ಸೇರಿರುತ್ತದೆ. "ಲ್ಯೂಟೀನ್ ಎಸ್ಟರ್ 20 ಮಿ.ಗ್ರಾಂ" ಎಂದರೆ ಮುಕ್ತ ಲ್ಯೂಟೀನ್ ಸುಮಾರು 10 ಮಿ.ಗ್ರಾಂ. ಎರಡೂ ರೂಪ ದೇಹಕ್ಕೆ ಸೇರುತ್ತವೆ. ಎಸ್ಟರನ್ನು ಕರುಳಿನಲ್ಲಿ ಮೊದಲು ಒಡೆಯಬೇಕು, ಅದಕ್ಕೆ ಜೊತೆಯಲ್ಲಿ ತುಸು ಹೆಚ್ಚು ಕೊಬ್ಬು ಬೇಕು.

ಮೂರು, ಎಷ್ಟು ಮಾತ್ರೆಗೆ ಈ ಪ್ರಮಾಣ. "ಪ್ರತಿ 2 ಕ್ಯಾಪ್ಸೂಲಿಗೆ" ಎಂದು ಸಣ್ಣಕ್ಷರದಲ್ಲಿ ಇರಬಹುದು. ದಿನಕ್ಕೆ ಒಂದೇ ನುಂಗುತ್ತಿದ್ದರೆ ಅರ್ಧ ಪ್ರಮಾಣವಷ್ಟೇ ಒಳಗೆ ಹೋಗುತ್ತಿದೆ.

ನಾಲ್ಕು, ಜಿಯಾಕ್ಸಾಂಥಿನ್ ಎಷ್ಟು. ಲ್ಯೂಟೀನ್ 10 ಸರಿಯಾಗಿ ಹಾಕಿ ಜಿಯಾಕ್ಸಾಂಥಿನ್ 400 ಮೈಕ್ರೊಗ್ರಾಂ ಮಾತ್ರ ಹಾಕಿರುವ ಮಾತ್ರೆಗಳುಂಟು. 2 ಮಿ.ಗ್ರಾಂ ಎಂದರೆ 2,000 ಮೈಕ್ರೊಗ್ರಾಂ. ಏಕಮಾನ ಬದಲಾಗಿದ್ದರೆ ಅಂಕಿ ದೊಡ್ಡದಾಗಿ ಕಂಡು ಮೋಸ ಹೋಗುವುದು ಸುಲಭ.

ಐದು, "ವಿಟಮಿನ್ ಎ" ಎಂಬ ಸಾಲು. ಅದರ ಪಕ್ಕದಲ್ಲಿ "ಬೀಟಾ ಕ್ಯಾರೊಟೀನ್ ರೂಪದಲ್ಲಿ" ಎಂದಿದ್ದರೆ ಮೇಲೆ ಹೇಳಿದ ಎಚ್ಚರಿಕೆ ನೆನಪಿರಲಿ. "ಕಣ್ಣಿಗೆ" ಎಂದು ಮಾರುವ ಬಹುವಿಟಮಿನ್ ಮಾತ್ರೆಗಳಲ್ಲಿ ಇದು ಈಗಲೂ ನುಸುಳುತ್ತದೆ.

ಹೆಸರಿನಲ್ಲಿ "ಏರೆಡ್ಸ್" ಎಂದು ಇದ್ದ ಮಾತ್ರಕ್ಕೆ ಒಳಗಿನ ಪ್ರಮಾಣ ಅದೇ ಆಗಿರಬೇಕೆಂದಿಲ್ಲ. ಆರೂ ಅಂಶಗಳನ್ನು ಮೇಲಿನ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿ. ಹೊರಗಿನ ಸ್ವತಂತ್ರ ಪ್ರಯೋಗಾಲಯ ಪರೀಕ್ಷಿಸಿದ ಗುರುತು ಇದ್ದರೆ ಅದಕ್ಕೆ ಆದ್ಯತೆ ಕೊಡಿ. ಇವು ಆಹಾರ ಪೂರಕಗಳು. ಔಷಧಿಗಿರುವಷ್ಟು ಬಿಗಿ ತಪಾಸಣೆ ಹೆಚ್ಚಿನ ದೇಶಗಳಲ್ಲಿ ಇವುಗಳಿಗಿಲ್ಲ.

ಯಾವಾಗ, ಹೇಗೆ ತೆಗೆದುಕೊಳ್ಳಬೇಕು?

ಊಟದ ಜೊತೆ ಅಥವಾ ಊಟ ಮುಗಿದ ಕೂಡಲೇ. ಕ್ಯಾರೊಟಿನಾಯ್ಡ್ ಕೊಬ್ಬಿನಲ್ಲಿ ಕರಗುವ ವಸ್ತು. ಊಟದಲ್ಲಿ ಕೊಬ್ಬು ಇದ್ದಾಗ ಪಿತ್ತರಸ ಬಂದು ಅದನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಆಮೇಲೆ ಕರುಳು ಹೀರಿಕೊಳ್ಳುತ್ತದೆ. ಒಂದು ಟೀ ಚಮಚ ಎಣ್ಣೆಯಷ್ಟು, ಅಂದರೆ ಸುಮಾರು 5 ಗ್ರಾಂ ಕೊಬ್ಬು ಆ ಊಟದಲ್ಲಿರಲಿ. ಬೆಳಗ್ಗೆ ಬರೀ ಕಾಫಿ, ಟೀ ಜೊತೆ ನುಂಗಿದರೆ ಲ್ಯೂಟೀನಿನ ಬಹುಭಾಗ ಹಾಗೇ ಹೊರಟುಹೋಗುತ್ತದೆ. ಜಿಂಕ್ ಖಾಲಿ ಹೊಟ್ಟೆಯಲ್ಲಿ ವಾಕರಿಕೆ ತರುತ್ತದೆ. ಒಂದೇ ತಪ್ಪಿಗೆ ಎರಡು ನಷ್ಟ.

ದಿನಕ್ಕೆ ಎರಡು ಮಾತ್ರೆಯ ಮಿಶ್ರಣವಾದರೆ ಬೆಳಗ್ಗೆ ಒಂದು, ರಾತ್ರಿ ಒಂದು. ಇಸಬಗೋಲಿನಂಥ ನಾರಿನ ಪುಡಿ ತೆಗೆದುಕೊಳ್ಳುವವರು ಎರಡರ ನಡುವೆ ಒಂದೆರಡು ಗಂಟೆ ಬಿಡಿ.

ಒಂದು ದಿನ ಮರೆತರೆ?

ಏನೂ ಆಗುವುದಿಲ್ಲ. ಮರುದಿನ ಎರಡು ಪಟ್ಟು ನುಂಗಬೇಡಿ.

ಎಷ್ಟು ದಿನಕ್ಕೆ ಪರಿಣಾಮ ಗೊತ್ತಾಗುತ್ತದೆ?

ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ರಕ್ತದಲ್ಲಿ ಲ್ಯೂಟೀನ್ ಮಟ್ಟ ಕೆಲವು ವಾರಗಳಲ್ಲಿ ಏರಿ ನಿಲ್ಲುತ್ತದೆ. ಮ್ಯಾಕ್ಯುಲಾದ ಹಳದಿ ಪದರ ದಟ್ಟವಾಗಲು ತಿಂಗಳುಗಳು ಬೇಕು. ಕೆಲವರಲ್ಲಿ ಅಷ್ಟಾಗಿ ಏರುವುದೂ ಇಲ್ಲ. ಮಾತ್ರೆ ಮಾಡುವ ಕೆಲಸ ಮುಂದೆ ಆಗಬಹುದಾದ ಹಾನಿಯ ವೇಗ ತಗ್ಗಿಸುವುದು. ಹೋದ ದೃಷ್ಟಿ ಮರಳುವುದಿಲ್ಲ, ಡ್ರೂಸನ್ ಕರಗುವುದಿಲ್ಲ. "ಮೂರು ತಿಂಗಳಾಯಿತು, ಏನೂ ಬದಲಾಗಿಲ್ಲ, ಬಿಟ್ಟೆ" ಎನ್ನುವವರು ಬಹಳ. ಮಧ್ಯಮ ಹಂತದ ಕಣ್ಣಿನಲ್ಲಿ ಏನೂ ಬದಲಾಗದೇ ಇರುವುದೇ ನಾವು ಬಯಸುವ ಫಲ.

ಹಳದಿ ಪದರದ ದಟ್ಟಣೆ ಅಳೆಯುವ ಯಂತ್ರಗಳಿವೆ. ಸಂಶೋಧನೆಗೆ ಉಪಯುಕ್ತ, ಚಿಕಿತ್ಸೆ ನಿರ್ಧರಿಸಲು ಅದರ ಅಗತ್ಯವಿಲ್ಲ. ಮಾತ್ರೆ ಮಾರುವ ಜಾಗದಲ್ಲೇ ಆ ಯಂತ್ರವೂ ಇದ್ದರೆ ಸ್ವಲ್ಪ ಅನುಮಾನವಿರಲಿ.

ಮನೆಯಲ್ಲಿ ಕಣ್ಣು ಪರೀಕ್ಷಿಸಿಕೊಳ್ಳುವುದು ಹೇಗೆ?

ಆಮ್ಸ್ಲರ್ ಚೌಕದಿಂದ. 10 ಸೆಂ.ಮೀ. ಉದ್ದಗಲದ ಚೌಕದಲ್ಲಿ 5 ಮಿ.ಮೀ.ಗೊಂದು ಗೆರೆ, ನಡುವೆ ಒಂದು ಚುಕ್ಕೆ. ಕಣ್ಣಿನ ವೈದ್ಯರು ಕೊಡುತ್ತಾರೆ, ಕಾಗದದ ಮೇಲೆ ಮುದ್ರಿಸಿಕೊಳ್ಳಲೂಬಹುದು; ಮುದ್ರಿಸಿದ ಮೇಲೆ ಸ್ಕೇಲಿಟ್ಟು ಅಳತೆ ನೋಡಿ, ಪ್ರಿಂಟರ್ ಕೆಲವೊಮ್ಮೆ ಕುಗ್ಗಿಸಿಬಿಡುತ್ತದೆ.

ಓದುವ ಕನ್ನಡಕ ಹಾಕಿ. ಬೆಳಕು ಚೆನ್ನಾಗಿರಲಿ. ಚೌಕವನ್ನು ಮುಖದಿಂದ 30 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಒತ್ತಬೇಡಿ. ತೆರೆದ ಕಣ್ಣನ್ನು ನಡುವಿನ ಚುಕ್ಕೆಯ ಮೇಲೇ ನಿಲ್ಲಿಸಿ ಗಮನಿಸಿ: ನಾಲ್ಕೂ ಮೂಲೆ ಕಾಣುತ್ತಿವೆಯೇ, ಗೆರೆಗಳು ನೆಟ್ಟಗಿವೆಯೇ, ಎಲ್ಲಾದರೂ ಅಲೆಯಂತೆ ಬಾಗಿವೆಯೇ, ಮಸುಕು ಅಥವಾ ಖಾಲಿ ಜಾಗ ಇದೆಯೇ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಹಾಕುತ್ತದೆ. ಎಷ್ಟೋ ಜನರಿಗೆ ತಡವಾಗಿ ತಿಳಿಯುವುದು ಇದರಿಂದಲೇ.

ಹೊಸದಾಗಿ ಗೆರೆ ಬಾಗಿ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ರೆಟಿನಾದ ಅಡಿಯಲ್ಲಿ ರಕ್ತನಾಳ ಬೆಳೆದು ಸೋರುತ್ತಿರಬಹುದು. ಕೆಲವೇ ದಿನದೊಳಗೆ ತೋರಿಸಬೇಕು.

ಒಂದು ಕಣ್ಣಿಗೆ ಇಂಜೆಕ್ಷನ್ ನಡೆಯುತ್ತಿದೆ. ಮಾತ್ರೆ ಮುಂದುವರಿಸಬೇಕೆ?

ಇನ್ನೊಂದು ಕಣ್ಣು ಮಧ್ಯಮ ಹಂತದಲ್ಲಿದ್ದರೆ ಹೌದು, ಆ ಕಣ್ಣಿಗಾಗಿ. ಸೋರುವ ರಕ್ತನಾಳಕ್ಕೆ ಮದ್ದು ಇಂಜೆಕ್ಷನ್, ಮಾತ್ರೆಯಲ್ಲ. ಮಾತ್ರೆ ಇದೆಯಲ್ಲ ಎಂದು ಒಂದು ಇಂಜೆಕ್ಷನ್ ತಪ್ಪಿಸಿದರೂ ಕಳೆದುಕೊಳ್ಳುವ ದೃಷ್ಟಿ ಮರಳದೇ ಹೋಗಬಹುದು.

ಒಣ ರೂಪದ ಕೊನೆಯ ಹಂತ, ಅಂದರೆ ರೆಟಿನಾದ ತೇಪೆಗಳೇ ಸವೆದುಹೋಗುವ ಸ್ಥಿತಿಗೆ ಮಾತ್ರೆಯಿಂದ ಪ್ರಯೋಜನವಿಲ್ಲ ಎಂದು ಬಹುಕಾಲ ಹೇಳುತ್ತಿದ್ದರು. ಹಳೆಯ ಎರಡೂ ಪ್ರಯೋಗಗಳ ಚಿತ್ರಗಳನ್ನು ಮತ್ತೆ ಅಳೆದು 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಬೇರೆ ಹೇಳುತ್ತದೆ: ಸವೆತ ಇನ್ನೂ ನಟ್ಟನಡುವನ್ನು ಮುಟ್ಟಿಲ್ಲದವರಲ್ಲಿ ಅದು ನಡುವಿನತ್ತ ಹರಿಯುವ ವೇಗ ಮಾತ್ರೆ ಪಡೆದವರಲ್ಲಿ ಕಡಿಮೆ ಇತ್ತು. ಹಿಂದಿರುಗಿ ನೋಡಿ ಮಾಡಿದ ಲೆಕ್ಕವಾದ್ದರಿಂದ ಇದು ಅಂತಿಮ ತೀರ್ಪಲ್ಲ. ಆದರೂ ಈ ಸ್ಥಿತಿಯಲ್ಲಿ ಮಾತ್ರೆ ನಿಲ್ಲಿಸುವ ಮುನ್ನ ರೆಟಿನಾ ತಜ್ಞರನ್ನು ಕೇಳುವುದು ವಾಸಿ.

ಅಡ್ಡಪರಿಣಾಮ ಏನಾದರೂ ಇದೆಯೇ?

ಲ್ಯೂಟೀನ್, ಜಿಯಾಕ್ಸಾಂಥಿನ್ ಮಟ್ಟಿಗೆ ಬಹಳ ಕಡಿಮೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಚೆಂಡು ಹೂವಿನ ಲ್ಯೂಟೀನಿಗೆ ಇಟ್ಟ ದಿನದ ಮಿತಿ ದೇಹತೂಕದ ಪ್ರತಿ ಕಿಲೋಗೆ 1 ಮಿ.ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 60 ಮಿ.ಗ್ರಾಂ. ಹಾಗೆಂದು 40 ಮಿ.ಗ್ರಾಂ ನುಂಗಿದರೆ ನಾಲ್ಕು ಪಟ್ಟು ಲಾಭ ಬಾರದು. ಪ್ರಯೋಗದಲ್ಲಿ ಬಳಸಿದ್ದು 10. ದೀರ್ಘಕಾಲ 20 ಮಿ.ಗ್ರಾಂ ಮಾತ್ರೆಯ ಜೊತೆ ಊಟದಲ್ಲೂ ವಿಪರೀತ ಲ್ಯೂಟೀನ್ ಸೇವಿಸಿದ ಒಬ್ಬರ ಮ್ಯಾಕ್ಯುಲಾದಲ್ಲಿ ಹರಳುಗಳು ಕಂಡ ವರದಿಯೂ ವೈದ್ಯಕೀಯ ಸಾಹಿತ್ಯದಲ್ಲಿದೆ.

ಕ್ಯಾರೊಟಿನಾಯ್ಡ್ ಹೆಚ್ಚಾದರೆ ಅಂಗೈ, ಅಂಗಾಲು ಹಳದಿಯಾಗಬಹುದು. ಕಾಮಾಲೆಯೇ ಎಂದು ಗಾಬರಿಯಾದರೆ ಕನ್ನಡಿ ನೋಡಿ: ಕ್ಯಾರೊಟಿನಾಯ್ಡ್‌ನಿಂದಾದರೆ ಕಣ್ಣಿನ ಬಿಳಿಭಾಗ ಬಿಳಿಯಾಗಿಯೇ ಇರುತ್ತದೆ, ಕಾಮಾಲೆಯಲ್ಲಿ ಅದೂ ಹಳದಿಯಾಗುತ್ತದೆ. ಪ್ರಮಾಣ ಇಳಿಸಿದರೆ ಚರ್ಮದ ಬಣ್ಣ ನಿಧಾನವಾಗಿ ಹೋಗುತ್ತದೆ.

ನಿಜವಾದ ತೊಂದರೆಗಳು ಬರುವುದು ಮಿಶ್ರಣದ ಉಳಿದ ಅಂಶಗಳಿಂದ. ಜಿಂಕ್: ಹೊಟ್ಟೆ ತೊಳಸುವುದು, ಬಾಯಲ್ಲಿ ಲೋಹದ ರುಚಿ. ಏರೆಡ್ಸ್‌ನಲ್ಲಿ ಜಿಂಕ್ ಪಡೆದವರಲ್ಲಿ ಶೇ. 7.5 ಮಂದಿ, ಪಡೆಯದವರಲ್ಲಿ ಶೇ. 4.9 ಮಂದಿ ಮೂತ್ರಾಂಗದ ತೊಂದರೆಗಳಿಗಾಗಿ ಆಸ್ಪತ್ರೆ ಸೇರಿದರು; ಪ್ರಾಸ್ಟೇಟ್ ಹಿಗ್ಗಿರುವ ಗಂಡಸರು ಇದನ್ನು ವೈದ್ಯರ ಗಮನಕ್ಕೆ ತರಬೇಕು. ವಿಟಮಿನ್ ಇ: ಸೆಲೆಕ್ಟ್ ಎಂಬ ಪ್ರಯೋಗದಲ್ಲಿ ದಿನಕ್ಕೆ 400 ಐಯು ಪಡೆದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಎಂದು 2011ರಲ್ಲಿ ಕಂಡುಬಂತು. ಬೇಕಿಲ್ಲದವರು ಏಕೆ ತೆಗೆದುಕೊಳ್ಳಬಾರದು ಎಂಬುದಕ್ಕೆ ಇದೂ ಕಾರಣ.

ಬೇರೆ ಔಷಧಿಗಳ ಜೊತೆ ಹೊಂದುತ್ತದೆಯೇ?

ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಇ ಇರುವ ಮಿಶ್ರಣ ಶುರು ಮಾಡುವ ಮೊದಲು ವೈದ್ಯರಿಗೆ ಹೇಳಿ, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್ಆರ್ ಪರೀಕ್ಷೆ ಮಾಡಿಸಿ. ಇವರು ಲ್ಯೂಟೀನಿಗೆಂದು ಇದ್ದಕ್ಕಿದ್ದಂತೆ ಸೊಪ್ಪು ಹೆಚ್ಚಿಸುವುದೂ ಬೇಡ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಔಷಧಿಯ ಬಲ ತಗ್ಗಿಸುತ್ತದೆ.

ಸಿಪ್ರೊಫ್ಲೊಕ್ಸಾಸಿನ್, ಡಾಕ್ಸಿಸೈಕ್ಲಿನ್ ಬಗೆಯ ಆಂಟಿಬಯಾಟಿಕ್‌ಗೆ ಜಿಂಕ್ ಅಂಟಿಕೊಂಡು ಅದು ದೇಹಕ್ಕೆ ಸೇರದಂತೆ ಮಾಡುತ್ತದೆ. ಆ ಐದಾರು ದಿನ ಜಿಂಕ್ ಇರುವ ಮಾತ್ರೆಯನ್ನೇ ನಿಲ್ಲಿಸುವುದು ಸರಳ. ತೂಕ ಇಳಿಸುವ ಆರ್ಲಿಸ್ಟಾಟ್, ಕೊಲೆಸ್ಟರಾಲಿಗೆ ಕೊಡುವ ಕೊಲೆಸ್ಟಿರಮಿನ್ ಲ್ಯೂಟೀನ್ ಹೀರುವಿಕೆಯನ್ನು ಕುಗ್ಗಿಸುತ್ತವೆ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇದ್ದರೆ ತಾಮ್ರ ಸಲ್ಲದು. ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಅಥವಾ ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದರೆ 500 ಮಿ.ಗ್ರಾಂ ವಿಟಮಿನ್ ಸಿ ಬಗ್ಗೆ ಕೇಳಿಯೇ ಮುಂದುವರಿಯಿರಿ.

ಈಗಾಗಲೇ ಬಹುವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಎರಡೂ ಡಬ್ಬಿಯ ಜಿಂಕ್ ಮತ್ತು ವಿಟಮಿನ್ ಇ ಕೂಡಿಸಿ ನೋಡಿ.

ಮಾತ್ರೆ ಬೇಡ, ಊಟದಿಂದಲೇ ಸಿಗುವುದಿಲ್ಲವೇ?

ಲ್ಯೂಟೀನ್ ಮಟ್ಟಿಗೆ ಸಿಗುತ್ತದೆ. ಬೇಯಿಸಿದ ಪಾಲಕ್ ಸೊಪ್ಪು 100 ಗ್ರಾಂನಲ್ಲಿ ಲ್ಯೂಟೀನ್, ಜಿಯಾಕ್ಸಾಂಥಿನ್ ಸೇರಿ ಸುಮಾರು 11 ಮಿ.ಗ್ರಾಂ ಇರುತ್ತದೆ. ಕಡು ಹಸಿರು ಸೊಪ್ಪುಗಳೆಲ್ಲ ಒಳ್ಳೆಯ ಮೂಲ. ಮೆಕ್ಕೆಜೋಳ, ಕಿತ್ತಳೆ ಬಣ್ಣದ ದೊಣ್ಣೆ ಮೆಣಸಿನಕಾಯಿಯಲ್ಲಿ ಜಿಯಾಕ್ಸಾಂಥಿನ್ ಚೆನ್ನಾಗಿದೆ. ಮೊಟ್ಟೆಯ ಹಳದಿಯಲ್ಲಿ ಇರುವುದು ಮಿಲಿಗ್ರಾಂನ ಸಣ್ಣ ಭಾಗ, ಆದರೆ ಕೊಬ್ಬಿನೊಳಗೇ ಇರುವುದರಿಂದ ಹೆಚ್ಚು ದೇಹಕ್ಕೆ ಸೇರುತ್ತದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿದರೆ ಕೋಶದ ಗೋಡೆ ಒಡೆದು ಲ್ಯೂಟೀನ್ ಬಿಡುಗಡೆಯಾಗುತ್ತದೆ. ಹಸಿ ಎಲೆ ಅಗಿದರೆ ಅಷ್ಟು ಸಿಗದು. ಕಣ್ಣು ಚೆನ್ನಾಗಿರುವವರಿಗೆ ನಮ್ಮ ಸಲಹೆ ಇದೇ. ಏರೆಡ್ಸ್-2ರ ಜಿಂಕ್, ವಿಟಮಿನ್ ಇ ಪ್ರಮಾಣ ಮಾತ್ರ ಊಟದಿಂದ ಬರುವಂಥದ್ದಲ್ಲ. ಮಧ್ಯಮ ಹಂತದವರಿಗೆ ಊಟವೂ ಬೇಕು, ಮಾತ್ರೆಯೂ ಬೇಕು.

ದಿನವಿಡೀ ಕಂಪ್ಯೂಟರ್ ಮುಂದೆ ಇರುತ್ತೇನೆ. ಲ್ಯೂಟೀನ್ ಕಣ್ಣಿನ ಆಯಾಸ ಕಳೆಯುತ್ತದೆಯೇ?

ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ತುಂಬ ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಹತ್ತಿರವೇ ನೋಡುತ್ತಾ ಒಳಗಿನ ಸ್ನಾಯು ಬಿಗಿದುಕೊಂಡಿರುತ್ತದೆ. ಉರಿ, ತಲೆನೋವಿಗೆ ಕಾರಣ ಇವು. ಪರದೆಯ ನೀಲಿ ಬೆಳಕು ಹಗಲಿನ ಆಕಾಶದ ಬೆಳಕಿನ ಮುಂದೆ ಏನೂ ಅಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಡಿ, ಕನ್ನಡಕದ ಪವರ್ ಸರಿಯಿದೆಯೇ ನೋಡಿಸಿ.

ಕಣ್ಣಿನ ಪೊರೆ, ಗ್ಲಾಕೋಮಾ, ಇರುಳುಗಣ್ಣು, ಕನ್ನಡಕದ ಪವರ್ ಇವಕ್ಕೆ?

ಏರೆಡ್ಸ್-2ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ಅಗತ್ಯ ಒಟ್ಟಾರೆ ಕಡಿಮೆಯಾಗಲಿಲ್ಲ. ಗ್ಲಾಕೋಮಾಗೆ ಇದು ಚಿಕಿತ್ಸೆಯಲ್ಲ, ಒತ್ತಡ ಇಳಿಸುವ ಹನಿ ನಿಲ್ಲಿಸಬೇಡಿ. ಪವರ್ ಇಳಿಯುವುದಿಲ್ಲ. ಇರುಳುಗಣ್ಣು ವಿಟಮಿನ್ ಎ ಕೊರತೆಯಿಂದ ಬಂದಿದ್ದರೆ ಬೇಕಾದದ್ದು ವಿಟಮಿನ್ ಎ. ಲ್ಯೂಟೀನ್, ಜಿಯಾಕ್ಸಾಂಥಿನ್ ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವುದಿಲ್ಲ. ಸ್ಟಾರ್ಗಾರ್ಡ್ ಎಂಬ ಆನುವಂಶಿಕ ಕಾಯಿಲೆ ಇರುವವರು ಇದಕ್ಕೆ ವಿರುದ್ಧವಾಗಿ ವಿಟಮಿನ್ ಎ ಮಾತ್ರೆಯಿಂದ ದೂರವಿರಬೇಕು, ಅದು ಕಾಯಿಲೆಯ ವೇಗ ಹೆಚ್ಚಿಸಬಹುದು.

ಅಸ್ಟಾಕ್ಸಾಂಥಿನ್, ಲೈಕೊಪೀನ್ ಕೂಡ ಸೇರಿಸಿದ ಮಾತ್ರೆ ಹೆಚ್ಚು ಒಳ್ಳೆಯದೇ?

ಇವೂ ಕ್ಯಾರೊಟಿನಾಯ್ಡ್‌ಗಳೇ, ಆದರೆ ಎರಡೂ ಮ್ಯಾಕ್ಯುಲಾದ ಹಳದಿ ಪದರದಲ್ಲಿ ಜಮೆಯಾಗುವಂಥವಲ್ಲ, ಎಎಂಡಿ ಮೇಲೆ ಏರೆಡ್ಸ್ ಮಟ್ಟದ ಪ್ರಯೋಗವೂ ಇವಕ್ಕಿಲ್ಲ. ಪಟ್ಟಿ ಉದ್ದವಾದಷ್ಟೂ ಬೆಲೆ ಏರುತ್ತದೆ. ಕ್ಯಾಂಥಾಕ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್ ಇದ್ದರಂತೂ ಮುಟ್ಟಲೇಬೇಡಿ. ಚರ್ಮಕ್ಕೆ ಬಣ್ಣ ಬರಿಸಲೆಂದು ಅದನ್ನು ನುಂಗಿದವರ ರೆಟಿನಾದಲ್ಲಿ ಹೊಳೆಯುವ ಹರಳುಗಳು ಕಟ್ಟಿಕೊಂಡಿದ್ದವು.

ಮಕ್ಕಳಿಗೆ, ಗರ್ಭಿಣಿಯರಿಗೆ?

ಮಕ್ಕಳಿಗೆ ಏರೆಡ್ಸ್-2 ಮಿಶ್ರಣ ಕೊಡಲೇಬೇಡಿ, ಆ ಜಿಂಕ್ ಪ್ರಮಾಣ ಅವರಿಗೆ ಅಪಾಯ. ಎದೆಹಾಲಿನಲ್ಲಿ ಲ್ಯೂಟೀನ್ ಸಹಜವಾಗಿಯೇ ಇರುತ್ತದೆ. ಗರ್ಭಿಣಿಯರಿಗೆ ಊಟದ ಲ್ಯೂಟೀನ್ ಸಾಕು. ಕಣ್ಣಿನ ಮಾತ್ರೆಯಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇದ್ದರೆ ಹೆಚ್ಚಿನ ಪ್ರಮಾಣ ಭ್ರೂಣಕ್ಕೆ ಹಾನಿ ಮಾಡುತ್ತದೆ.

ಡಬ್ಬಿಯನ್ನು ಎಲ್ಲಿ ಇಡಬೇಕು? ಬಣ್ಣ ಮಾಸಿದ ಕ್ಯಾಪ್ಸೂಲ್ ಬಳಸಬಹುದೇ?

ಕ್ಯಾರೊಟಿನಾಯ್ಡ್‌ಗೆ ಮೂರು ಶತ್ರುಗಳು: ಬೆಳಕು, ಶಾಖ, ಗಾಳಿ. ಮೂಲ ಡಬ್ಬಿಯಲ್ಲೇ, ಮುಚ್ಚಳ ಬಿಗಿಯಾಗಿ, 25 ಡಿಗ್ರಿಗಿಂತ ಕೆಳಗೆ, ಒಲೆಯಿಂದ ಮತ್ತು ಬಚ್ಚಲಿನ ತೇವದಿಂದ ದೂರ ಇಡಿ. ವಾರದ ಲೆಕ್ಕಕ್ಕೆ ಪಾರದರ್ಶಕ ಪೆಟ್ಟಿಗೆಗೆ ತುಂಬಿ ಕಿಟಕಿಯ ಬಳಿ ಇಡುವುದು ಸಾಮಾನ್ಯ ತಪ್ಪು. ಪೆಟ್ಟಿಗೆ ಬಳಸುವುದಾದರೆ ಒಂದು ವಾರದಷ್ಟೇ ತುಂಬಿ ಕಪಾಟಿನೊಳಗಿಡಿ. ಒಳಗಿನ ಎಣ್ಣೆ ಕಡು ಕಿತ್ತಳೆ ಬಣ್ಣದ್ದು, ಸೋರಿದರೆ ಬಟ್ಟೆಗೆ ಹಿಡಿದ ಕಲೆ ಸುಲಭಕ್ಕೆ ಹೋಗದು. ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿಕೊಂಡಿದ್ದರೆ, ಬಣ್ಣ ಪೇಲವವಾಗಿದ್ದರೆ, ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ. ಮೃದು ಕ್ಯಾಪ್ಸೂಲಿನ ಕವಚ ಹೆಚ್ಚಾಗಿ ಪ್ರಾಣಿಮೂಲದ ಜೆಲಾಟಿನ್‌ನದು. ಸಸ್ಯಾಹಾರಿಗಳು ಲೇಬಲ್ ನೋಡಿ ಕೊಳ್ಳಬೇಕು.

ಜೀವನಪೂರ್ತಿ ತೆಗೆದುಕೊಳ್ಳಬೇಕೇ?

ಮಧ್ಯಮ ಹಂತದವರು ಸಾಮಾನ್ಯವಾಗಿ ವರ್ಷಗಟ್ಟಲೆ ಮುಂದುವರಿಸುತ್ತಾರೆ. ನಿಲ್ಲಿಸಿದರೆ ತಕ್ಷಣ ಏನೂ ಆಗದು, ಹಳದಿ ಪದರ ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಹೊಸ ಕಾಯಿಲೆ ಬಂದಾಗ, ಹೊಸ ಔಷಧಿ ಸೇರಿದಾಗ, ಎರಡೂ ಕಣ್ಣಿನ ನಡುಭಾಗ ಈಗಾಗಲೇ ಸವೆದು ಹೋಗಿದ್ದಾಗ ಮುಂದುವರಿಸಬೇಕೇ ಎಂದು ಮತ್ತೆ ಕೇಳಿ. ಶಸ್ತ್ರಚಿಕಿತ್ಸೆಗೆ ಮುನ್ನ ನೀವು ನುಂಗುವ ಔಷಧಿಗಳ ಪಟ್ಟಿ ಕೊಡುವಾಗ ಈ ಮಾತ್ರೆಯನ್ನೂ ಸೇರಿಸಿ. "ಅದು ಬರೀ ವಿಟಮಿನ್" ಎಂದು ಜನ ಬಿಟ್ಟುಬಿಡುತ್ತಾರೆ, ಆದರೆ ಅರಿವಳಿಕೆ ವೈದ್ಯರಿಗೆ ಅದರಲ್ಲಿರುವ ವಿಟಮಿನ್ ಇ ಬಗ್ಗೆ ತಿಳಿದಿರಬೇಕು.